ಪೆಟ್ಟಿಗೆ ಹೇಳುವ ಚರಿತ್ರೆ: ಹಳೆಯ ಚದುರಂಗದ ಕಾಯಿಗಳನ್ನು ಕುರಿತು



ಚದುರಂಗವು ಭಾರತದ ಕೊಡುಗೆಯೆಂದು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಸರಿಯಾದ ಮಾತೇ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಆಟಕ್ಕೆ ಚತುರಂಗವೆಂಬ ಹೆಸರು ಬಂದಿತು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ರಚಿಸಿದ ಹರ್ಷಚರಿತದಲ್ಲಿ ಈ ಆಟದ ಪ್ರಸ್ತಾಪವಿದೆ. ಇಲ್ಲಿಂದ ಪರ್ಷಿಯಾಕ್ಕೆ ಹೋಗಿ ಚತ್ರಂಗವಾಗಿ, ಅರಬರ ಬಾಯಲ್ಲಿ ಶತ್ರಂಜವಾಗಿ, ಅವರ ಮೂಲಕ ಯೂರೋಪನ್ನು ಸೇರಿತು. ಆದರೆ ಇಂದು ನಮ್ಮ ಮಕ್ಕಳು ಶಾಲೆಯ ಪಂದ್ಯಗಳಲ್ಲಿ ಆಡುವ ಕಾಯಿಗಳನ್ನು ಒಮ್ಮೆ ಗಮನವಿಟ್ಟು ನೋಡಿ. ನಾವು 'ಆನೆ' ಎಂದು ಕರೆಯುವ ಕಾಯಿಗೆ ಸೊಂಡಿಲಿಲ್ಲ. ಅದು ಕೋಟೆಯ ಬುರುಜು. 'ಒಂಟೆ' ಎಂದು ಕರೆಯುವ ಕಾಯಿಗೆ ಡುಬ್ಬವಿಲ್ಲ. ಅದು ಕ್ರೈಸ್ತ ಧರ್ಮಗುರುವಿನ ಟೋಪಿ. ರಾಜನ ತಲೆಯ ಮೇಲೆ ಶಿಲುಬೆಯಿದೆ. ಹೆಸರು ನಮ್ಮದು, ರೂಪ ಅವರದು. ಇನ್ನೂರು ವರ್ಷಗಳ ಚರಿತ್ರೆಯೊಂದು ಈ ಬೆರಳುದ್ದದ ಕಾಯಿಗಳಲ್ಲಿ ಅಡಗಿ ಕುಳಿತಿದೆ.

ಈ ಲೇಖನ ಹಳೆಯ ಚದುರಂಗದ ಕಾಯಿಗಳನ್ನು ಸಂಗ್ರಹಿಸುವ ಹವ್ಯಾಸವನ್ನು ಕುರಿತದ್ದು. ಅದರಲ್ಲಿಯೂ ಮುಖ್ಯವಾಗಿ ಆ ಕಾಯಿಗಳನ್ನಿಡುತ್ತಿದ್ದ ಮೂಲ ಪೆಟ್ಟಿಗೆಗಳನ್ನು ಕುರಿತದ್ದು. ಪೆಟ್ಟಿಗೆಯಲ್ಲೇನಿದೆ, ಕಾಯಿ ತಾನೇ ಮುಖ್ಯ ಎಂದು ಕೇಳುವವರು ಉಂಟು. ತರಗತಿಯಲ್ಲಿ ಇತಿಹಾಸದ ಆಧಾರಗಳೆಂಬ ಪಾಠವನ್ನು ಕೇಳಿದ ನಿಮಗೆ ನೆನಪಿರಬಹುದು: ಶಾಸನದ ಕಲ್ಲು ಎಷ್ಟು ಮುಖ್ಯವೋ ಆ ಕಲ್ಲು ಯಾವ ಊರಿನ ಯಾವ ಗುಡಿಯ ಮುಂದೆ ನಿಂತಿತ್ತು ಎಂಬುದೂ ಅಷ್ಟೇ ಮುಖ್ಯ. ಕಾಯಿಗೆ ಪೆಟ್ಟಿಗೆಯೆಂದರೆ ಶಾಸನಕ್ಕೆ ಊರಿದ್ದಂತೆ.

ಒಂದೇ ಆಟ, ಊರಿಗೊಂದು ರೂಪ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದವರೆಗೆ ಚದುರಂಗದ ಕಾಯಿಗಳಿಗೆ ಒಂದು ನಿಶ್ಚಿತ ರೂಪವಿರಲಿಲ್ಲ. ಇಂಗ್ಲೆಂಡಿನಲ್ಲಿ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ 'ಸೇಂಟ್ ಜಾರ್ಜ್' ಮಾದರಿಯ ಮರದ ಕಾಯಿಗಳು ಬಳಕೆಯಲ್ಲಿದ್ದವು. ದಪ್ಪ ಒಡಲಿನ ಮೇಲೆ ತೆನೆಯನ್ನೂ ಎಲೆಯನ್ನೂ ಕೆತ್ತಿದ ಮೂಳೆಯ 'ಬಾರ್ಲಿಕಾರ್ನ್' ಮಾದರಿಯೂ ಇತ್ತು. ಪ್ಯಾರಿಸ್ಸಿನ ಪ್ರಸಿದ್ಧ ಕಾಫಿಗೃಹ 'ಕೆಫೆ ದ ಲಾ ರೆಜಾನ್ಸ್' ಚದುರಂಗದ ಆಟಗಾರರ ಕೂಟವಾಗಿತ್ತು. ಫ್ರೆಂಚರ ಮಾದರಿಗೆ ಅದರ ಹೆಸರೇ ನಿಂತಿತು. ಜರ್ಮನಿಯಲ್ಲಿ ಹೂಗಿಡದಂತೆ ತೆಳ್ಳಗೆ ಮೇಲೇಳುವ 'ಸೆಲೆನಸ್' ಕಾಯಿಗಳು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿದ್ದ ಕ್ಯಾಲ್ವರ್ಟ್ ಎಂಬ ಕುಶಲಕರ್ಮಿಯ ದಂತದ ಕಾಯಿಗಳು ಇಂದಿಗೂ ಸಂಗ್ರಹಕಾರರ ಕಣ್ಮಣಿಗಳು.

ಇವೆಲ್ಲವೂ ಅಂದವಾಗಿದ್ದವು. ಆಡುವವರಿಗೆ ಮಾತ್ರ ತೊಡಕು. ಕೆಲವು ಮಾದರಿಗಳಲ್ಲಿ ಮಂತ್ರಿ ಯಾವುದು, ಒಂಟೆ ಯಾವುದು ಎಂದು ತಿಳಿಯುವುದು ಕಷ್ಟ. ಬೇರೆ ಊರಿನವನು ಬಂದು ಕುಳಿತರೆ ಮೊದಲು ಕಾಯಿಗಳ ಪರಿಚಯವಾಗಬೇಕು. ಅಡಿ ಕಿರಿದು, ತಲೆ ಭಾರ. ಅಂಗಿಯ ತೋಳು ತಾಗಿದರೆ ಸೇನೆಯೆಲ್ಲ ನೆಲಕ್ಕೆ. ರೈಲು, ಹಡಗುಗಳ ಕಾಲ ಬಂದು ದೇಶದೇಶಗಳ ಆಟಗಾರರು ಒಂದೆಡೆ ಸೇರತೊಡಗಿದಾಗ ಈ ತೊಡಕು ದೊಡ್ಡದಾಗಿ ಕಂಡಿತು.

1849ರ ಕಾಯಿಗಳು

1849ರ ಮಾರ್ಚ್ 1ರಂದು ಲಂಡನ್ನಿನಲ್ಲಿ ನಥಾನಿಯಲ್ ಕುಕ್ ಎಂಬವರು ಚದುರಂಗದ ಕಾಯಿಗಳ ಹೊಸ ವಿನ್ಯಾಸವೊಂದನ್ನು ನೋಂದಾಯಿಸಿದರು. ಅದನ್ನು ತಯಾರಿಸಿ ಮಾರುವ ಹೊಣೆಯನ್ನು ಹ್ಯಾಟನ್ ಗಾರ್ಡನ್ ಬೀದಿಯಲ್ಲಿದ್ದ ಜಾಕ್ವೆಸ್ ಸಂಸ್ಥೆ ಹೊತ್ತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಯಿಗಳು ಮಾರುಕಟ್ಟೆಗೆ ಬಂದವು. ಅವುಗಳಿಗೆ ಹೆಸರು ಕೊಟ್ಟವರು ಮಾತ್ರ ಕುಕ್ ಅಲ್ಲ, ಜಾಕ್ವೆಸರೂ ಅಲ್ಲ, ಹೊವಾರ್ಡ್ ಸ್ಟಾಂಟನ್.

ಸ್ಟಾಂಟನ್ನರು (1810–1874) ಆ ಕಾಲದ ಬಲು ದೊಡ್ಡ ಆಟಗಾರರು. 1843ರಲ್ಲಿ ಪ್ಯಾರಿಸ್ಸಿಗೇ ಹೋಗಿ ಫ್ರಾನ್ಸಿನ ಸಾಂತಮಾನನನ್ನು ಸೋಲಿಸಿ ಬಂದವರು. 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಚದುರಂಗದ ಅಂಕಣವನ್ನು ಬರೆಯುತ್ತಿದ್ದರು. ಷೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿದ ವಿದ್ವಾಂಸರೂ ಹೌದು. ಅವರ ಹೆಸರು ಹೊತ್ತ ಕಾಯಿಗಳನ್ನು ಅವರ ಅಂಕಣವೇ ಓದುಗರಿಗೆ ಶಿಫಾರಸು ಮಾಡಿತು. ಕ್ರೀಡಾಪಟುಗಳ ಹೆಸರಿನಲ್ಲಿ ಬ್ಯಾಟನ್ನೂ ಬೂಟನ್ನೂ ಮಾರುವ ಇಂದಿನ ಜಾಹೀರಾತಿನ ಕಲೆ ನಾವು ಎಣಿಸುವಷ್ಟು ಹೊಸದಲ್ಲ.

ಜಾಹೀರಾತು ಎಷ್ಟೇ ಇರಲಿ, ಸರಕು ಒಳ್ಳೆಯದಿರದಿದ್ದರೆ ಹೆಚ್ಚು ದಿನ ಬಾಳದು. ಈ ಸರಕು ಬಾಳಿತು. ರಾಜನಿಗೆ ಶಿಲುಬೆಯ ಕಿರೀಟ, ಮಂತ್ರಿಯ ಕಾಯಿಗೆ ರಾಣಿಯ ಮುಕುಟ, ಒಂಟೆಗೆ ಸೀಳಿದ ಟೋಪಿ, ಆನೆಗೆ ಬುರುಜು, ಕಾಲಾಳಿಗೆ ಗುಂಡು ತಲೆ. ಯಾವ ದೇಶದವನಾದರೂ ಒಂದು ನೋಟದಲ್ಲಿ ಗುರುತಿಸಬಲ್ಲ. ಅಡಿ ಅಗಲ, ಬೆಲೆಯುಳ್ಳ ಮರದ ಕಾಯಿಗಳಲ್ಲಿ ಅಡಿಯನ್ನು ಕೊರೆದು ಸೀಸ ತುಂಬಿ ಉಣ್ಣೆಬಟ್ಟೆ ಅಂಟಿಸುತ್ತಿದ್ದುದರಿಂದ ಕಾಯಿ ಅಲುಗುತ್ತಿರಲಿಲ್ಲ. ಐದು ಬಗೆಯ ಕಾಯಿಗಳು ಲೇತ್ ಯಂತ್ರದಲ್ಲಿ ತಿರುಗಿ ರೂಪ ತಳೆಯುವಂಥವು. ಹೀಗಾಗಿ ಬೇಗನೆ ತಯಾರಾಗುತ್ತಿದ್ದವು. ಕುದುರೆಯ ತಲೆಯನ್ನು ಮಾತ್ರ ಕೈಯಿಂದಲೇ ಕೆತ್ತಬೇಕು. ಅಥೆನ್ಸಿನ ಪಾರ್ಥೆನಾನ್ ದೇಗುಲದಿಂದ ಲಂಡನ್ನಿಗೆ ಸಾಗಿಸಿದ ಶಿಲ್ಪಗಳಲ್ಲಿನ ಕುದುರೆಗಳೇ ಅದಕ್ಕೆ ಮಾದರಿಯೆಂಬ ಮಾತು ವ್ಯಾಪಕವಾಗಿ ಪ್ರಚಲಿತವಾಗಿದೆ. ಇಂದಿಗೂ ಕಾಯಿಗಳ ಗುಣವನ್ನು ಅಳೆಯುವವರು ಮೊದಲು ಕುದುರೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಕಿವಿ, ಕಣ್ಣು, ಹಲ್ಲು, ಕೇಸರ, ಇವುಗಳಲ್ಲಿ ಕೆತ್ತಿದವನ ಕೈ ಕಾಣುತ್ತದೆ.

1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದ ಸಂದರ್ಭದಲ್ಲಿ ಸ್ಟಾಂಟನ್ನರು ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ಏರ್ಪಡಿಸಿದರು. ಗೆದ್ದವರು ಜರ್ಮನಿಯ ಅಡಾಲ್ಫ್ ಆಂಡರ್ಸನ್. ವೃತ್ತಿಯಿಂದ ಶಾಲಾ ಉಪಾಧ್ಯಾಯರು. (ನಮ್ಮ ಕಸುಬಿನವರೆಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.) ಮುಂದೆ ಬೇರೆ ಮಾದರಿಗಳೆಲ್ಲ ಒಂದೊಂದಾಗಿ ಹಿಂದೆ ಸರಿದವು. ಇಂದು ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ಪಂದ್ಯಗಳಿಗೆ ಸ್ಟಾಂಟನ್ ಮಾದರಿಯನ್ನೇ ಶಿಫಾರಸು ಮಾಡುತ್ತದೆ. ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್ ಇರಬೇಕೆನ್ನುತ್ತದೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟರ ಹರೆಯದ ನಮ್ಮ ಗುಕೇಶ್ ವಿಶ್ವವಿಜೇತನಾದಾಗ ಅವನ ಕೈಯಲ್ಲಿ ಆಡಿದ್ದೂ ಇದೇ ವಂಶದ ಕಾಯಿಗಳು.

ಪೆಟ್ಟಿಗೆಯ ಸಾಕ್ಷ್ಯ

ಈಗ ಪೆಟ್ಟಿಗೆಯ ವಿಚಾರಕ್ಕೆ ಬರೋಣ. ಜಾಕ್ವೆಸರ ಮರದ ಕಾಯಿಗಳು ಸಾಮಾನ್ಯವಾಗಿ ಮಹಾಗನಿ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಕೆಲವಕ್ಕೆ ಜಾರುವ ಮುಚ್ಚಳ, ಕೆಲವಕ್ಕೆ ಕೀಲು ಮತ್ತು ಸಣ್ಣ ಬೀಗ. ಬೆಲೆಬಾಳುವ ದಂತದ ಕಾಯಿಗಳಿಗಾಗಿ 'ಕಾರ್ಟನ್ ಪಿಯೆರ್' ಎಂಬ ಕಾಗದದ ಗಟ್ಟಿ ಮುದ್ದೆಯಿಂದ ಅಚ್ಚೊತ್ತಿದ, ಹಳೆಯ ಇಗರ್ಜಿಗಳ ಅಲಂಕಾರವನ್ನು ನೆನಪಿಸುವ ಕರಂಡಕಗಳಿದ್ದವು. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿರುತ್ತಿತ್ತು. ಅದರಲ್ಲಿ ತಯಾರಕರ ಹೆಸರು, ಸ್ಟಾಂಟನ್ನರ ಸಹಿಯ ಅಚ್ಚು, ಅನೇಕ ಪೆಟ್ಟಿಗೆಗಳಲ್ಲಿ ಕೈಯಿಂದ ಬರೆದ ಕ್ರಮಸಂಖ್ಯೆ.

ಆ ಚೀಟಿ ಏಕೆ ಬೇಕಾಯಿತು? ನಕಲು ತಡೆಯುವುದಕ್ಕೆ. ವಿನ್ಯಾಸದ ನೋಂದಣಿ ಕೊಡುತ್ತಿದ್ದ ರಕ್ಷಣೆ ಅಲ್ಪಾವಧಿಯದು. ಅದು ಮುಗಿದೊಡನೆ ಬೇರೆಯವರು ಅದೇ ರೂಪದ ಕಾಯಿಗಳನ್ನು ಮಾಡಬಹುದಾಗಿತ್ತು; ಮಾಡಿದರು ಕೂಡ. ಎಯರ್ಸ್, ಬ್ರಿಟಿಷ್ ಚೆಸ್ ಕಂಪನಿ ಮೊದಲಾದವರ ಕಾಯಿಗಳೂ ಇಂದು ಸಂಗ್ರಹಯೋಗ್ಯವಾಗಿವೆ. ಹೀಗೆ ಅಂದು ವ್ಯಾಪಾರದ ರಕ್ಷಣೆಗಾಗಿ ಅಂಟಿಸಿದ ಒಂದು ತುಂಡು ಕಾಗದ ಇಂದು ಇತಿಹಾಸದ ಆಧಾರವಾಗಿದೆ. ಚೀಟಿಯ ಬಣ್ಣ, ಒಕ್ಕಣೆ, ವಿಳಾಸ, ಸಂಸ್ಥೆಯ ಹೆಸರಿನ ರೂಪ, ಇವು ಕಾಲಕಾಲಕ್ಕೆ ಬದಲಾದವು. ಕ್ರಮಸಂಖ್ಯೆಗಳನ್ನೂ ಕುದುರೆಗಳ ಕೆತ್ತನೆಯನ್ನೂ ಜೊತೆಗಿಟ್ಟು ನೋಡಿ ಯಾವ ಕಾಯಿ ಯಾವ ದಶಕದ್ದೆಂದು ಸಂಗ್ರಹಕಾರರು ಲೆಕ್ಕ ಹಾಕುತ್ತಾರೆ. ಹ್ಯಾಟನ್ ಗಾರ್ಡನ್ನಿನ ಆ ಕಾರ್ಖಾನೆ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ತುತ್ತಾಯಿತು. ಅಂಥ ಮೇಲೆ ಮನೆಮನೆಗಳಲ್ಲಿ ಉಳಿದ ಪೆಟ್ಟಿಗೆಗಳೇ ಚದುರಿಹೋದ ದಫ್ತರದ ಹಾಳೆಗಳಲ್ಲವೇ?

ಕಾಯಿಗಳ ಮೇಲೆಯೂ ಗುರುತುಗಳಿವೆ. ಬಿಳಿಯ ರಾಜನ ಅಡಿಯ ಅಂಚಿನಲ್ಲಿ 'ಜಾಕ್ವೆಸ್ ಲಂಡನ್' ಎಂಬ ಅಚ್ಚು. ರಾಜನ ಪಕ್ಕದ ಕುದುರೆ ಮತ್ತು ಆನೆಗಳ ತಲೆಯ ಮೇಲೆ ಒಂದು ಸಣ್ಣ ಕಿರೀಟದ ಮುದ್ರೆ. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ನಡೆಗಳನ್ನು ಬರೆಯುವಾಗ 'ರಾಜನ ಕುದುರೆ', 'ರಾಣಿಯ ಕುದುರೆ' ಎಂದು ಬೇರ್ಪಡಿಸಿ ಬರೆಯುತ್ತಿದ್ದರು. ಆಟದ ನಡುವೆ ಎರಡೂ ಬೆರೆತುಹೋದರೆ ಗುರುತಿಸಲು ಈ ಮುದ್ರೆ. ಇಂದಿನ ಬರವಣಿಗೆಯ ಪದ್ಧತಿಗೆ ಅದು ಬೇಕಿಲ್ಲ. ಕಾರಣ ಮರೆಯಾದ ಮೇಲೂ ಕಾರ್ಯ ಕಣ್ಣೆದುರು ಉಳಿದಿದೆ.

ಪೆಟ್ಟಿಗೆಯ ಒಳಗನ್ನೂ ಓದಬೇಕು. ಕಾಯಿಗಳು ಅದರಲ್ಲಿ ಹಿಡಿಸಿದಂತೆ ಕೂರುತ್ತವೆಯೇ, ಗಲಗಲನೆ ಅಲುಗುತ್ತವೆಯೇ? ಒಳಹಾಸಿನ ಬಟ್ಟೆಯ ಮೇಲೆ ನೂರು ವರ್ಷ ಒರಗಿದ್ದ ಕಾಯಿಗಳ ಒತ್ತು ಕಾಣುತ್ತದೆಯೇ? ಮೂಲೆಗಳಲ್ಲಿ ಹಲಗೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿದ ಬಗೆ ಎಂಥದು? ಬೀಗ ಮೂಲದ್ದೋ, ಆಮೇಲೆ ಹಾಕಿದ್ದೋ? ಕೆಂಪು ಬಣ್ಣ ಕೊಟ್ಟ ದಂತದ ಕಾಯಿಗಳು ಬೆಳಕಿಗೆ ಬಿದ್ದರೆ ಮಂಕಾಗುತ್ತವೆ. ಪೆಟ್ಟಿಗೆಯೊಳಗೆ ಬದುಕಿದ ಕಾಯಿಗಳ ಕೆಂಪು ಗಾಢವಾಗಿ ಉಳಿಯುತ್ತದೆ. ಆದ್ದರಿಂದ ಪೆಟ್ಟಿಗೆ ಬರಿಯ ಸಾಕ್ಷಿಯಲ್ಲ, ಕಾವಲುಗಾರನೂ ಹೌದು.

ಸಂಗ್ರಹಕಾರರ ಭಾಷೆಯಲ್ಲಿ 'ಮದುವೆ ಮಾಡಿಸಿದ ಜೋಡಿ' ಎಂಬ ಮಾತೊಂದಿದೆ. ಎಲ್ಲಿಯದೋ ಕಾಯಿಗಳನ್ನು ಎಲ್ಲಿಯದೋ ಪೆಟ್ಟಿಗೆಗೆ ಸೇರಿಸಿದರೆ ಅದು ಅಂಥ ಮದುವೆ. ಒಂದು ಕುದುರೆ ಕಳೆದುಹೋಗಿದ್ದರೆ ಬೇರೊಂದರ ಕುದುರೆಯನ್ನು ತಂದು ಹಾಕುವುದೂ ಉಂಟು. ಹಾಗೆ ಮಾಡುವುದು ತಪ್ಪಲ್ಲ. ಹೇಳದೆ ಮಾರುವುದು ತಪ್ಪು. ಇಂದು ಅಮೃತಸರದ ಕುಶಲಕರ್ಮಿಗಳು 1849ರ ಕಾಯಿಗಳ ಪ್ರತಿರೂಪಗಳನ್ನು ಬಹಳ ಸೊಗಸಾಗಿ ಮಾಡಿ ಜಗತ್ತಿಗೆಲ್ಲ ಕಳುಹಿಸುತ್ತಾರೆ. ಅದು ಪ್ರಾಮಾಣಿಕವಾದ ಕಸುಬು. ಅವುಗಳಿಗೆ ಹೊಗೆ, ಚಹಾದ ಕಲೆ ಹಿಡಿಸಿ 'ಹಳೆಯದು' ಎಂದು ಮಾರುವ ಮಧ್ಯವರ್ತಿಯದು ಮಾತ್ರ ಕಸುಬಲ್ಲ, ಮೋಸ. ಅಲ್ಲಿ ನಮ್ಮನ್ನು ಕಾಪಾಡುವುದು ಮತ್ತೆ ಆ ಪೆಟ್ಟಿಗೆ, ಆ ಚೀಟಿ, ಆ ಸಂಖ್ಯೆ, ಅವು ಒಂದಕ್ಕೊಂದು ಹೊಂದುವ ರೀತಿ.

ಪೆಟ್ಟಿಗೆಯಿಲ್ಲದವರ ಕಥೆ

ಪೆಟ್ಟಿಗೆ ಇಲ್ಲದಿದ್ದರೆ ಏನಾಗುತ್ತದೆ? ಜಗತ್ತಿನ ಅತ್ಯಂತ ಪ್ರಸಿದ್ಧ ಚದುರಂಗದ ಕಾಯಿಗಳನ್ನೇ ನೋಡೋಣ. 1831ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದಲ್ಲಿ ಒಂದು ನಿಧಿ ಸಿಕ್ಕಿದುದು ಬೆಳಕಿಗೆ ಬಂದಿತು. ಒಟ್ಟು 93 ವಸ್ತುಗಳು: 78 ಚದುರಂಗದ ಕಾಯಿಗಳು, ಬೇರೊಂದು ಆಟದ 14 ಬಿಲ್ಲೆಗಳು, ಒಂದು ಪಟ್ಟಿಯ ಕೊಕ್ಕೆ. ಹೆಚ್ಚಿನವು ವಾಲ್ರಸ್ ಎಂಬ ಕಡಲಪ್ರಾಣಿಯ ಕೋರೆಹಲ್ಲಿನವು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಕೆತ್ತಿದವು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅಂದರೆ ನಮ್ಮ ಬಸವಣ್ಣನವರ ಕಾಲಕ್ಕೆ ಸಮೀಪದವು. ಕೆನ್ನೆಗೆ ಕೈಯಿಟ್ಟು ಚಿಂತಿಸುವ ರಾಣಿ, ಉದ್ವೇಗದಿಂದ ತನ್ನ ಗುರಾಣಿಯ ಅಂಚನ್ನೇ ಕಚ್ಚುವ ಕಾವಲುಭಟ! ಇವುಗಳಲ್ಲಿ 82 ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೂ 11 ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೂ ಸೇರಿವೆ.

ಆ ಪಟ್ಟಿಯ ಕೊಕ್ಕೆಯನ್ನು ಗಮನಿಸಿ. ಕಾಯಿಗಳನ್ನಿಟ್ಟಿದ್ದ ಚೀಲದ ಬಾಯಿ ಬಿಗಿಯಲು ಅದು ಇದ್ದಿರಬಹುದೆಂದು ಊಹೆಯಿದೆ. ಚೀಲ ಮಣ್ಣಾಯಿತು. ಅದರೊಡನೆ ಇವು ಯಾರವು, ಎಲ್ಲಿಗೆ ಹೊರಟಿದ್ದವು, ಮಾರಾಟದ ಸರಕೋ ಒಡೆಯನ ಸ್ವತ್ತೋ ಎಂಬ ಪ್ರಶ್ನೆಗಳ ಉತ್ತರವೂ ಮಣ್ಣಾಯಿತು. ನಾಲ್ಕು ಪೂರ್ಣ ಸೇನೆಗಳ ಲೆಕ್ಕ ಹಿಡಿದರೆ, ಕಾಲಾಳುಗಳನ್ನು ಬಿಟ್ಟು, ಒಂದು ಕುದುರೆಯೂ ನಾಲ್ವರು ಕಾವಲುಭಟರೂ ಕಾಣೆಯಾಗಿದ್ದರು. 2019ರಲ್ಲಿ ಆ ಭಟರಲ್ಲಿ ಒಬ್ಬನು ಪ್ರತ್ಯಕ್ಷನಾದ. 1964ರಲ್ಲಿ ಎಡಿನ್‌ಬರೊ ನಗರದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಅದನ್ನು 5 ಪೌಂಡಿಗೆ ಕೊಂಡಿದ್ದರು. ಅದು ಏನೆಂದು ತಿಳಿಯದೆ ಆ ಮನೆಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 2019ರ ಜುಲೈಯಲ್ಲಿ ಸೋದೆಬಿ ಹರಾಜಿನಲ್ಲಿ 7,35,000 ಪೌಂಡಿಗೆ ಮಾರಾಟವಾಯಿತು. ಪತ್ರಿಕೆಗಳು ಬೆಲೆಯನ್ನು ದೊಡ್ಡಕ್ಷರದಲ್ಲಿ ಮುದ್ರಿಸಿದವು. ನನಗೆ ಆ ಸುದ್ದಿಯಲ್ಲಿ ದೊಡ್ಡದಾಗಿ ಕಂಡದ್ದು ಬೇರೆ: 1831ರಿಂದ 1964ರವರೆಗೆ ಆ ಭಟನು ಎಲ್ಲಿದ್ದನು ಎಂಬುದನ್ನು ಹೇಳುವ ಒಂದು ತುಂಡು ಕಾಗದವೂ ಅವನೊಂದಿಗೆ ಬರಲಿಲ್ಲ.

ಕಂಪನಿಯ ಸೇನೆ, ನಮ್ಮವರ ಕೈ

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಂಗಾಳದ ಮುರ್ಷಿದಾಬಾದಿನ ಸುತ್ತಮುತ್ತ, ವಿಶೇಷವಾಗಿ ಬೆರ್ಹಾಂಪುರದಲ್ಲಿ, ದಂತದ ಕೆತ್ತನೆಗಾರರು ವಿಶಿಷ್ಟವಾದ ಕಾಯಿಗಳನ್ನು ಮಾಡುತ್ತಿದ್ದರು. ಒಂದು ಪಕ್ಷ ಈಸ್ಟ್ ಇಂಡಿಯಾ ಕಂಪನಿಯ ಸೇನೆ, ಇನ್ನೊಂದು ಪಕ್ಷ ಭಾರತೀಯ ಅರಸನ ಸೇನೆ. ಅಂಬಾರಿ ಹೊತ್ತ ಆನೆಯ ಮೇಲೆ ರಾಜ. ಕೆಳಗೆ ಬಂದೂಕು ಹಿಡಿದ ಸಿಪಾಯಿ, ಕತ್ತಿ ಹಿಡಿದ ಪದಾತಿ. ಕಂಪನಿಗೆ 'ಜಾನ್ ಕಂಪನಿ' ಎಂಬ ಅಡ್ಡಹೆಸರಿದ್ದುದರಿಂದ ಈ ಕಾಯಿಗಳನ್ನು ಸಂಗ್ರಹಕಾರರು 'ಜಾನ್' ಕಾಯಿಗಳೆಂದೇ ಕರೆಯುತ್ತಾರೆ. ಇವು ಆಟಕ್ಕಿಂತ ಹೆಚ್ಚಾಗಿ ನೋಟಕ್ಕೆ. ಊರಿಗೆ ಹಿಂದಿರುಗುವ ಬಿಳಿಯ ಅಧಿಕಾರಿ ನೆನಪಿನ ಕಾಣಿಕೆಯಾಗಿ ಒಯ್ಯುತ್ತಿದ್ದ ವಸ್ತುಗಳು.

ಇದನ್ನು ಕುರಿತು ಯೋಚಿಸಿದಾಗ ಮನಸ್ಸು ಸುಮ್ಮನಿರುವುದಿಲ್ಲ. 1757ರಲ್ಲಿ ಪ್ಲಾಸಿಯ ಕದನ ನಡೆದದ್ದು ಅದೇ ಮುರ್ಷಿದಾಬಾದಿಗೆ ಸಮೀಪದಲ್ಲಿ. ಅಲ್ಲಿಯ ನವಾಬನ ಆಸ್ಥಾನವನ್ನು ಆಶ್ರಯಿಸಿದ್ದ ನಾಡಿನ ಕಲೆ, ಗೆದ್ದವರ ಕೋಣೆಯನ್ನು ಅಲಂಕರಿಸಲು ಗೆದ್ದವರನ್ನೂ ಸೋತವರನ್ನೂ ಒಂದೇ ದಂತದಿಂದ ಕೆತ್ತಿತು. ಕೊಂಡವರ ವಂಶದ ಹೆಸರು ಹರಾಜಿನ ಪಟ್ಟಿಗಳಲ್ಲಿ ಬರುತ್ತದೆ. ಕೆತ್ತಿದವನ ಹೆಸರು ಎಲ್ಲಿಯೂ ಇಲ್ಲ. ಆದರೆ ಒಂದನ್ನು ಗಮನಿಸಬೇಕು. ಎರಡೂ ಸೇನೆಗಳ ಕೆತ್ತನೆಯಲ್ಲಿ ಕುಶಲತೆಯ ತಾರತಮ್ಯವಿಲ್ಲ. ನಮ್ಮ ಅರಸನ ಮುಂಡಾಸಿನ ಸುತ್ತೂ ಕಂಪನಿಯ ಸಿಪಾಯಿಯ ಟೋಪಿಯೂ ಸಮಾನ ಶ್ರದ್ಧೆಯಿಂದ ಮೂಡಿವೆ.

ಆಂಧ್ರದ ವಿಶಾಖಪಟ್ಟಣದ್ದು ಇನ್ನೊಂದು ಬಗೆ. ಅಲ್ಲಿಯ ಕುಶಲಕರ್ಮಿಗಳ ಕೀರ್ತಿ ಕಾಯಿಗಳಿಗಿಂತಲೂ ಪೆಟ್ಟಿಗೆಗಳಲ್ಲಿಯೇ ಹೆಚ್ಚು. ಗಂಧದ ಮರದ ಮೇಲೆ ದಂತದ ತೆಳು ಹಲಗೆಗಳನ್ನು ಹೊದಿಸಿ, ಅದರಲ್ಲಿ ಗೆರೆ ಕೊರೆದು, ಗೆರೆಗಳಿಗೆ ಕಪ್ಪು ಅರಗು ತುಂಬಿ ಬಳ್ಳಿ, ಹೂವುಗಳನ್ನು ಮೂಡಿಸುತ್ತಿದ್ದರು. ಮಡಚಿದರೆ ಎರಡು ಸಂಪುಟಗಳ ಪುಸ್ತಕದಂತೆ ಕಾಣುವ, ಬಿಡಿಸಿದರೆ ಚದುರಂಗದ ಮಣೆಯಾಗುವ ಪೆಟ್ಟಿಗೆಗಳೂ ಆ ಕಾಲದಲ್ಲಿ ಜನಪ್ರಿಯವಾಗಿದ್ದವು. ಚೀನಾದ ಕ್ಯಾಂಟನ್ನಿನಿಂದಲೂ ಗೋಳದೊಳಗೆ ಗೋಳ ತಿರುಗುವ ಪೀಠದ ಮೇಲೆ ನಿಂತ ಕೆಂಪು, ಬಿಳಿಯ ಕಾಯಿಗಳು ಹಡಗೇರಿ ಬರುತ್ತಿದ್ದವು. ಅವುಗಳ ಮಣೆಪೆಟ್ಟಿಗೆಗಳ ಮೇಲೆ ಕಪ್ಪು ಮೆರುಗಿನಲ್ಲಿ ಹೊನ್ನಿನ ಚಿತ್ತಾರ. ಕಾಯಿಗಳು ಕಳೆದು ಪೆಟ್ಟಿಗೆ ಮಾತ್ರ ಉಳಿದ ಉದಾಹರಣೆಗಳೂ ಇವೆ. ಅಂಥ ಬರಿಯ ಪೆಟ್ಟಿಗೆಯನ್ನೂ ತಿಳಿದವರು ಬಿಡುವುದಿಲ್ಲ.

ಮೈಸೂರಿನ ಅರಸರು ಮತ್ತು ಅರುವತ್ತನಾಲ್ಕು ಮನೆಗಳು

ಕನ್ನಡಿಗರಾದ ನಾವು ಈ ಪ್ರಸಂಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೆನೆಯದಿರುವಂತಿಲ್ಲ. ಟಿಪ್ಪುವಿನ ಪತನಾನಂತರ 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟವೇರಿದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. (ಲೂಯಿಸ್ ದ್ವೀಪದ ಕಾಯಿಗಳು ಲೋಕದ ಕಣ್ಣಿಗೆ ಬಿದ್ದದ್ದೂ ಅದೇ ವರ್ಷ.) ಸಿಂಹಾಸನವಿದ್ದೂ ಅಧಿಕಾರವಿಲ್ಲದ ಆ ಮೂವತ್ತೇಳು ವರ್ಷಗಳನ್ನು ಅವರು ಸಾಹಿತ್ಯ, ಸಂಗೀತ, ಚಿತ್ರಕಲೆ ಮತ್ತು ಮಣೆಯಾಟಗಳಿಗೆ ಧಾರೆಯೆರೆದರು. ಅವರ ಹೆಸರಿನಲ್ಲಿರುವ ಬೃಹದ್ಗ್ರಂಥ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆಯಿದೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟಗಳ ಚಿತ್ರಗಳನ್ನೇ ಬರೆಸಿದರು.

ಚದುರಂಗದ ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಸುತ್ತಿ ಬರುವ ಸಮಸ್ಯೆ ನಮ್ಮಲ್ಲಿ ಪ್ರಾಚೀನವಾದುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಲಾಕ್ಷಣಿಕ ರುದ್ರಟನ ಕಾವ್ಯಾಲಂಕಾರದಲ್ಲಿ ಕುದುರೆಯ ನಡೆಯನ್ನು ಅನುಸರಿಸುವ ಪದ್ಯಬಂಧವಿದೆ. ಮುಮ್ಮಡಿಯವರು ಈ ಸಮಸ್ಯೆಯಲ್ಲಿ ಅಸಾಧಾರಣ ಪರಿಶ್ರಮವುಳ್ಳವರಾಗಿದ್ದರು. ಅನೇಕ ಪರಿಹಾರಗಳನ್ನು ರಚಿಸಿದರು. ರಾಜ್ಯದ ಒಂದು ಗ್ರಾಮದ ಮೇಲೂ ಆಜ್ಞೆ ನಡೆಯದ ಅರಸನು ಮಣೆಯ ಮೇಲಿನ ಒಂದು ಮನೆಯನ್ನೂ ಬಿಡದೆ ಕುದುರೆಯನ್ನು ಓಡಿಸಿದನು! ಇದರಲ್ಲಿ ಕೆಲವರು ಪಲಾಯನವನ್ನು ಕಾಣುತ್ತಾರೆ. ನನಗೆ ಅದರಲ್ಲಿ ಘನತೆ ಕಾಣುತ್ತದೆ. ಕೈಯಿಂದ ಕಿತ್ತುಕೊಳ್ಳಲಾಗದ ಸಂಪತ್ತನ್ನು ಅವರು ಆರಿಸಿಕೊಂಡರು.

ಆ ಪರಂಪರೆಯ ಆಟದ ಮಣೆಗಳು, ಕಾಯಿಗಳನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಮತ್ತೆ ಜನರ ಮುಂದೆ ತಂದುದು ಅಭಿನಂದನೀಯ. ಇಂಗ್ಲೆಂಡಿನಲ್ಲಿ ಒಂದು ಚೀಟಿಯ ಬಣ್ಣವನ್ನು ಕುರಿತು ಪುಟಗಟ್ಟಲೆ ಬರೆಯುವವರಿದ್ದಾರೆ. ಹಳೆಯ ಕಾಯಿಗಳ ಸಂಗ್ರಹಕಾರರಿಗಾಗಿಯೇ 1984ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ನಮ್ಮ ಹಳ್ಳಿಗಳ ಅಟ್ಟಗಳಲ್ಲಿ ಬಿದ್ದಿರುವ ಮಣೆ, ಕಾಯಿ, ಬಟ್ಟೆಯ ಹಾಸುಗಳನ್ನು ಎಣಿಸುವವರು ಬೆರಳೆಣಿಕೆಯಷ್ಟು.

ದಂತ ಮತ್ತು ಧರ್ಮ

ಸಂಗ್ರಹದ ಮಾತಾಡುವಾಗ ದಂತದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮೇಲೆ ನಾನು ವರ್ಣಿಸಿದ ಸುಂದರ ವಸ್ತುಗಳಲ್ಲಿ ಅನೇಕವು ಆನೆಯ ದಂತದವು. ಆನೆಯನ್ನು ಕೊಂದು 'ಆನೆ' ಎಂಬ ಕಾಯಿಯನ್ನು ಮಾಡಿದ ವಿಪರ್ಯಾಸವದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತೀಯ ಆನೆಯ ದಂತದ ವ್ಯಾಪಾರವೂ 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾದವು. ಬ್ರಿಟನ್ನಿನಲ್ಲಿ 2018ರ ದಂತ ಕಾಯಿದೆ 2022ರ ಜೂನಿನಲ್ಲಿ ಜಾರಿಗೆ ಬಂದಿತು. ಅಲ್ಲಿ 1918ಕ್ಕೆ ಮೊದಲಿನ ಅಪೂರ್ವ ಕಲಾಕೃತಿಗಳಂಥ ಕೆಲವಕ್ಕೆ ಮಾತ್ರ ಪರಿಶೀಲನೆಯ ಮೇಲೆ ವಿನಾಯಿತಿ. ಇದಲ್ಲದೆ ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ರಜೆಗೆ ಬಂದು 'ತಾತನ ಕಾಲದ ಸಾಮಾನು' ಎಂದು ಪೆಟ್ಟಿಗೆಯೊಂದನ್ನು ವಿಮಾನಕ್ಕೇರಿಸುವ ಮುನ್ನ ನಿಮ್ಮಲ್ಲಿ ಹೊರನಾಡಿನಲ್ಲಿರುವವರು ಇದನ್ನು ನೆನಪಿಡಬೇಕು.

ಈ ನಿಷೇಧಗಳಿಂದ ಸಂಗ್ರಹದ ಅರ್ಥವೇ ಬದಲಾಗಿದೆ, ಒಳ್ಳೆಯದಕ್ಕೇ ಬದಲಾಗಿದೆ. ವಸ್ತುವನ್ನು ಕೊಳ್ಳುವುದಕ್ಕಿಂತ ಅದನ್ನು ತಿಳಿಯುವುದು, ಛಾಯಾಚಿತ್ರ ತೆಗೆಯುವುದು, ದಾಖಲಿಸುವುದು ಹಿರಿದಾದ ಕೆಲಸವೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಇನ್ನು ಕೊಳ್ಳಲೇಬೇಕೆಂಬ ಆಸೆಯುಳ್ಳವರು ಮರದ ಕಾಯಿಗಳತ್ತ ನೋಡಲಿ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗಿಸಿ ಅರಗಿನ ಬಣ್ಣ ಕೊಟ್ಟ ಚದುರಂಗದ ಕಾಯಿಗಳು ಈಗಲೂ ತಯಾರಾಗುತ್ತವೆ. ಇಂದು ಅವನ್ನು ಕೊಂಡು, ಅಂಗಡಿಯ ರಸೀದಿಯೊಡನೆ, ಮಾಡಿದವರ ಹೆಸರನ್ನು ಕೇಳಿ ಬರೆದು ಪೆಟ್ಟಿಗೆಯಲ್ಲಿಟ್ಟರೆ ನೂರು ವರ್ಷಗಳ ಬಳಿಕ ನಿಮ್ಮ ಮೊಮ್ಮಕ್ಕಳ ಮಕ್ಕಳಿಗೆ ಮುರ್ಷಿದಾಬಾದಿನ ಕಾಯಿಗಳಿಗಿಲ್ಲದ ಒಂದು ಭಾಗ್ಯ ದೊರೆಯುತ್ತದೆ. ಕುಶಲಕರ್ಮಿಗೊಂದು ಹೆಸರಿರುತ್ತದೆ.

ಕೊನೆಯದಾಗಿ ಕೆಲವು ಸೂಚನೆಗಳು

ಮೇಷ್ಟರ ಅಭ್ಯಾಸ, ಪಾಠದ ಕೊನೆಗೆ ಮನೆಗೆಲಸ ಕೊಡದಿದ್ದರೆ ಸಮಾಧಾನವಿಲ್ಲ. ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಅಟ್ಟದಲ್ಲಿ ಹಳೆಯ ಆಟದ ಸಾಮಾನು ಕಂಡರೆ ಹೀಗೆ ಮಾಡಿರಿ. ಮೊದಲು ಏನನ್ನೂ ತೊಳೆಯಬೇಡಿ, ಹೊಳಪು ಹಚ್ಚಬೇಡಿ. ನೂರು ವರ್ಷದ ಕೈಗಳು ಕೊಟ್ಟ ಮೆರುಗು ಒಂದು ಗಳಿಗೆಯಲ್ಲಿ ಹೋಗುತ್ತದೆ. ಪೆಟ್ಟಿಗೆ ಮುರಿದಿದ್ದರೂ ಎಸೆಯಬೇಡಿ. ಮುಚ್ಚಳದ ಒಳಭಾಗ, ತಳಭಾಗಗಳನ್ನು ನೋಡಿ. ಹರಿದ ಚೀಟಿಯನ್ನು ಕೀಳಬೇಡಿ. ಒಳಗೆ ಗಂಟು ಹಾಕಿದ ಬಟ್ಟೆ, ಲೆಕ್ಕದ ಕಾಗದ, ಬೇರೆ ಆಟದ ಕವಡೆ ಏನಿದ್ದರೂ ಅಲ್ಲಿಯೇ ಇರಲಿ. ಕಳೆದ ಕಾಯಿಗೆ ಬದಲಾಗಿ ಯಾರೋ ಹುಣಸೆಬೀಜವನ್ನೋ ಗುಂಡಿಯನ್ನೋ ಇಟ್ಟಿದ್ದರೆ ಅದೂ ಚರಿತ್ರೆಯೇ, ಅದೂ ಇರಲಿ. ಬಿಸಿಲು, ತೇವ ಎರಡರಿಂದಲೂ ದೂರವಿಡಿ. ಆಮೇಲೆ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಕೇಳಿ: ಇದನ್ನು ತಂದವರು ಯಾರು, ಯಾವ ಸಂತೆಯಿಂದ, ಯಾರು ಯಾರೊಡನೆ ಆಡುತ್ತಿದ್ದರು, ಯಾರು ಹೆಚ್ಚು ಗೆಲ್ಲುತ್ತಿದ್ದರು. ಕೇಳಿದ್ದನ್ನು ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡಿ.

ಸ್ಟಾಂಟನ್ನರ ಸಹಿಯಿದ್ದ ಚೀಟಿಯೂ ಒಂದು ಕಾಲಕ್ಕೆ ಇಷ್ಟೇ ಸಾಮಾನ್ಯವಾದ ಹಾಳೆಯಾಗಿತ್ತು. ಕಾಯಿಗಳು ಮಾತಾಡುವುದಿಲ್ಲ, ಅವುಗಳ ಪರವಾಗಿ ಪೆಟ್ಟಿಗೆ ಮಾತಾಡಬೇಕು. ಪೆಟ್ಟಿಗೆಗೆ ಮಾತು ಕೊಡಬೇಕಾದವರು ಮನೆಯವರು. ಹಿರಿಯರು ಇರುವಾಗಲೇ ಆ ಕೆಲಸ ನಡೆಯಲಿ. ನಿಮಗೆ ಏನಾದರೂ ಸಿಕ್ಕರೆ ನನಗೂ ಎರಡು ಸಾಲು ಬರೆಯಿರಿ.